ಇನ್ನೂರ ಹದಿನೇಳನೇ ಕ್ಯಾಸೆಟ್ಟು

ಆಂಧ್ರದ ಗಡಿಯ ರಾಯದುರ್ಗದಲ್ಲಿ ಆಗ ಉಚ್ಚಂಗೆಪ್ಪ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಸೋಡಾ ಮಾರುವವನು. ಇನ್ನೊಬ್ಬ ಎರಡು ಸಲ ವಾರ್ಡ್ ಮೆಂಬರಿಗೆ ನಿಂತು ಎರಡು ಸಲವೂ ಸೋತವನು. ಮೂರನೆಯವನೇ ನಮ್ಮ ಕಥೆಯವನು, ಕ್ಯಾಸೆಟ್ ಉಚ್ಚಂಗೆಪ್ಪ. ಜೀನ್ಸ್ ಪ್ಯಾಂಟಿಗೆ ಜಿಪ್ಪು ಕೂಡಿಸುವುದು ಅವನ ಹೊಟ್ಟೆಪಾಡು. ಮನೆಯ ಗೋಡೆಗೆ ಜೋಡಿಸಿಟ್ಟ ನಾನೂರ ಹನ್ನೆರಡು ಕ್ಯಾಸೆಟ್ಟುಗಳು ಅವನ ಮರ್ಯಾದೆ.

ಮನೆ ಎಂದರೆ ಒಂದೇ ಕೋಣೆ. ಅದರಲ್ಲಿ ಒಂದು ಹೊಲಿಗೆ ಮಿಷಿನ್ನು, ಒಂದು ಒಲೆ, ಗಂಡ, ಹೆಂಡತಿ, ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟುಗಳು. ಉಳಿದ ಜಾಗವೆಲ್ಲ ಕ್ಯಾಸೆಟ್ಟು. ಅವನ್ನು ಅವನು ಸುಮ್ಮನೆ ಜೋಡಿಸಿರಲಿಲ್ಲ. ಜೀನ್ಸ್ ಕೆಲಸದಲ್ಲಿ ಕತ್ತರಿಸಿದ ಪ್ರತಿ ತುಂಡಿಗೂ ಪುಟ್ಟ ನಂಬರ್ ಚೀಟಿ ಅಂಟಿಸುತ್ತಾರೆ. ನಲವತ್ತರ ಎಡಗಾಲಿಗೆ ನಲವತ್ತರ ಬಲಗಾಲೇ ಸೇರಬೇಕು, ಇಲ್ಲದಿದ್ದರೆ ಒಂದೇ ಪ್ಯಾಂಟು ಎರಡು ಬಣ್ಣವಾಗುತ್ತದೆ. ಅದೇ ಚೀಟಿಗಳನ್ನು ಉಚ್ಚಂಗೆಪ್ಪ ಕ್ಯಾಸೆಟ್ಟುಗಳಿಗೂ ಅಂಟಿಸಿದ್ದ. ನಂಬರು ಸರಿಯಿದ್ದರೆ ಮಾಲು ಸರಿಯಿರುತ್ತದೆ ಎಂಬುದು ಅವನ ನಂಬಿಕೆ. ದೇವರನ್ನೂ ಅವನು ಅಷ್ಟು ನಂಬಿರಲಿಲ್ಲ. ಅವನನ್ನು ಹಾಳು ಮಾಡಿದ್ದೂ ಈ ನಂಬಿಕೆಯೇ ಎಂದು ಮೊದಲೇ ಹೇಳಿಬಿಡುತ್ತೇನೆ.

ಬೀದಿಯ ಜನಕ್ಕೆ ಆ ಗೋಡೆ ಅಂದರೆ ಒಂದು ಕಚೇರಿ ಇದ್ದ ಹಾಗೆ. ಮದುವೆಗೆ, ಗಣೇಶನ ಪೆಂಡಾಲಿಗೆ, ಹೊಸ ಆಟೋದ ಪೂಜೆಗೆ ಬಂದು ಕೇಳುತ್ತಿದ್ದರು. ಉಚ್ಚಂಗೆಪ್ಪ ಕನ್ನಡಕ ಏರಿಸಿ, ಬಂದವರನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಕಾರ್ಯಕ್ಕ ಎಂಬತ್ತಾರು ಸರಿಹೋಗ್ತದ. ವಾಪಸ್ ತರೋವಾಗ ಹಿಂದಕ್ಕ ಸುತ್ತಿ ತರ್ರಿ" ಎಂದು ಕೊಡುತ್ತಿದ್ದ.

ಇನ್ನೂರ ಹದಿನೇಳನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅದರ ಹೊದಿಕೆಯ ಮೇಲೆ ಒಂದು ತೆಲುಗು ಸಿನಿಮಾದ ಹೆಸರಿತ್ತು, ಅರ್ಧ ಬಟ್ಟೆಯ ನಾಯಕಿಯ ಚಿತ್ರವಿತ್ತು. ಒಳಗಿದ್ದದ್ದು ಅವನ ಅತ್ತೆ ದೊಡ್ಡಕ್ಕ.

ಅದು ಹೀಗಾಯಿತು. ಮದುವೆಯಾದ ಹೊಸತರಲ್ಲಿ ಉಚ್ಚಂಗೆಪ್ಪ ಜಂಬ ತೋರಿಸಲು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೆಂಡತಿಯ ತವರಿಗೆ ಹೋಗಿದ್ದ. ತವರು ಮಡಕಶಿರದಿಂದ ಆಚೆ, ಗುಡಿಬಂಡೆಯ ಹತ್ತಿರದ ಹಳ್ಳಿ. ದೊಡ್ಡಕ್ಕ ಕುರಿ ಹಿಂಡಿನ ಹಿಂದೆ ನಡೆಯುತ್ತಾ ಹಾಡುವವಳು. ಹಾಡಿಸಿ ತುಂಬಿಸೋಣವೆಂದರೆ ಖಾಲಿ ಕ್ಯಾಸೆಟ್ಟು ಇರಲಿಲ್ಲ. ಕೈಯಲ್ಲಿದ್ದ ಸಿನಿಮಾ ಕ್ಯಾಸೆಟ್ಟಿನ ಬೆನ್ನಿನಲ್ಲಿ ಹಾಡು ಅಳಿಸದಂತೆ ಕಾಯುವ ಎರಡು ತೂತಿಗೆ ಬೀಡಿ ಕಟ್ಟಿನ ಕಾಗದ ತುರುಕಿ, ನಾಯಕಿಯ ಹಾಡು ಅಳಿಸಿ, ಅತ್ತೆಯನ್ನು ಅದರಲ್ಲಿ ಕೂರಿಸಿದ. ಹೊದಿಕೆ ಬದಲಿಸಲಿಲ್ಲ. ನಂಬರ್ ಅಂಟಿಸಿದ ಮೇಲೆ ಹೊದಿಕೆ ಯಾಕೆ?

ಆಮೇಲೆ ದೊಡ್ಡಕ್ಕ ಸತ್ತಳು. ಅವತ್ತು ಅವಳ ಮಗಳು ಕಾಟಮ್ಮ ರಾಯದುರ್ಗದಲ್ಲಿ ಮಿಷಿನ್ನಿನ ಮುಂದೆ ಕೂತಿದ್ದಳು. ಮಾಲು ಅವತ್ತೇ ಬಳ್ಳಾರಿಗೆ ಹೋಗಬೇಕಿತ್ತು. ಸುದ್ದಿ ಬಂದಾಗ ಇನ್ನೂ ಅರವತ್ತು ಪ್ಯಾಂಟು ಬಾಕಿ. ಮುಗಿಸಿ, ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಹೋಗುವ ಹೊತ್ತಿಗೆ ಮಣ್ಣು ಮುಚ್ಚಿ ಮೇಲೆ ಕಲ್ಲಿಟ್ಟಿದ್ದರು. ಅವ್ವನ ಮುಖ ಅವಳಿಗೆ ಸಿಗಲಿಲ್ಲ. ಆ ಸಂಕಟವನ್ನು ಅವಳು ಯಾರ ಹತ್ತಿರವೂ ಆಡಲಿಲ್ಲ. ದಿನಾ ಮಿಷಿನ್ನಿಂದ ಏಳುವಾಗ ಇನ್ನೂರ ಹದಿನೇಳನ್ನು ಒಮ್ಮೆ ಬೆರಳಿಂದ ಮುಟ್ಟಿ ಏಳುತ್ತಿದ್ದಳು, ಅಷ್ಟೆ.

ಹಾಕಿ ಕೇಳುತ್ತಿರಲಿಲ್ಲ. ಅವರ ಮನೆತನದಲ್ಲಿ ಎಡೆ ಇಡದೆ ಸತ್ತವರನ್ನು ಕರೆಯುವ ಹಾಗಿಲ್ಲ. ಬಂದವರು ಹಸಿದುಕೊಂಡು ವಾಪಸ್ ಹೋಗುತ್ತಾರಂತೆ. ದನಿ ಕೇಳುವುದೂ ಕರೆದ ಹಾಗೆಯೇ. ವರ್ಷಕ್ಕೊಂದು ಸಲ, ಮಹಾಲಯ ಅಮಾವಾಸ್ಯೆಯ ದಿನ, ತವರಿನಲ್ಲಿ ಎಡೆ ಇಟ್ಟು, ಬಂಧುಬಳಗ ಕೂತು, ಕ್ಯಾಸೆಟ್ಟು ಹಾಕುತ್ತಿದ್ದರು. ಕಾಟಮ್ಮ ವರ್ಷವಿಡೀ ಬದುಕುತ್ತಿದ್ದದ್ದು ಆ ಅರ್ಧ ಗಂಟೆಗಾಗಿ.

ಕಾಲ ಬದಲಾಯಿತು. ಮೆಮೊರಿ ಕಾರ್ಡು ಬಂತು. ಎಂಬತ್ತಾರು ಕೇಳುವವರಿಲ್ಲ, ಹಿಂದಕ್ಕೆ ಸುತ್ತಿ ತರುವವರಿಲ್ಲ. ಅದೇ ಹೊತ್ತಿಗೆ ಕಾಟಮ್ಮನಿಗೆ ಇನ್ನೊಂದು ಮಿಷಿನ್ನು ಸಿಕ್ಕಿತು, ಎರಡು ಸೂಜಿಯದು. ಮನೆಯಲ್ಲಿ ಅದನ್ನಿಡಲು ಗೋಡೆಯೊಂದು ಬೇಕಾಯಿತು. ಪಕ್ಕದ ಮನೆಯ ಕೃಷ್ಣವೇಣಿ ಬಾಗಿಲಲ್ಲಿ ನಿಂತು, "ಅಣ್ಣಾರ, ನಮ್ಮ ಹುಡುಗಿ ಮೊಬೈಲ್‌ನ್ಯಾಗ ಸಾವಿರ ಹಾಡು ಅದಾವ. ಒರೆಸೋದಿಲ್ಲ, ತೊಳೆಯೋದಿಲ್ಲ" ಎಂದು ನಕ್ಕಳು. ಆ ನಗು ಉಚ್ಚಂಗೆಪ್ಪನಿಗೆ ಸೂಜಿ ಚುಚ್ಚಿದ ಹಾಗಾಯಿತು. ಬರೀ ಸಾವಿರವೇ! ಅವನ ಲೆಕ್ಕದಲ್ಲಿ ಅವನ ಹತ್ತಿರ ನಾಲ್ಕು ಸಾವಿರವಿತ್ತು.

ಮಾರನೆಯ ದಿನವೇ ಬಸ್ ಸ್ಟ್ಯಾಂಡಿನ ಹತ್ತಿರ ಹಾಡು ತುಂಬಿಸುವ ಶಿವಶಂಕರನ ಅಂಗಡಿಗೆ ಹೋದ. ಎರಡು ಚೀಲ ಕ್ಯಾಸೆಟ್ಟು ಹೊತ್ತು ಒಳಗೆ ಬಂದವನನ್ನು ನೋಡಿ ಶಿವಶಂಕರ ಹೆದರಿ ಎದ್ದುನಿಂತ.

"ಇವನ್ನ ಯಾಕ ತಂದ್ರಿ? ಪಟ್ಟಿ ಕೊಡ್ರಿ ಸಾಕು. ಯಾವ್ಯಾವ ಸಿನಿಮಾ, ಯಾವ್ಯಾವ ದೇವ್ರ ಪದ, ಬರದು ಕೊಡ್ರಿ."

"ಮಾಲು ಬ್ಯಾಡೇನು?"

"ಮಾಲೆಲ್ಲ ನೆಟ್‌ನ್ಯಾಗ ಐತ್ರಿ. ಜಗತ್ತಿನ್ಯಾಗ ಯಾರು ಏನು ಹಾಡಿದ್ರೂ ಅಲ್ಲಿ ಐತಿ."

ಉಚ್ಚಂಗೆಪ್ಪನಿಗೆ ಇದು ತಕ್ಷಣ ಅರ್ಥವಾಯಿತು. ಜೀನ್ಸಿನಲ್ಲೂ ಹಾಗೆಯೇ, ಚೀಟಿ ಕಳಿಸಿದರೆ ಚೀಟಿಯ ಪ್ರಕಾರ ಮಾಲು ಬರುತ್ತದೆ. ಎರಡು ದಿನ ಕೂತು, ಹೊದಿಕೆ ನೋಡಿ ನೋಡಿ, ಒಂದರಿಂದ ನಾನೂರ ಹನ್ನೆರಡರವರೆಗೆ ಪಟ್ಟಿ ಬರೆದ. ಇನ್ನೂರ ಹದಿನೇಳರ ಮುಂದೆಯೂ ಹೊದಿಕೆಯ ಮೇಲಿದ್ದದ್ದನ್ನೇ ಬರೆದ. ಪಟ್ಟಿ ಕೊಡುವಾಗ ಆ ಸಾಲನ್ನು ಎರಡು ಸಲ ತೋರಿಸಿದ.

"ನೋಡಪ್ಪಾ, ಇನ್ನೂರ ಹದಿನೇಳು ಸಿಗ್ತದೇನು? ಬಾಕಿ ಹೆಂಗಾರ ಆಗಲಿ, ಅದೊಂದು ತಪ್ಪಬಾರದು. ನಮ್ಮ ಮನಿಯಾಕಿ ಅದರ ಮ್ಯಾಲೆ ಜೀವ ಇಟ್ಟಾಳ."

ಶಿವಶಂಕರ ಪಟ್ಟಿಯಲ್ಲಿ ಬೆರಳಾಡಿಸಿ ಹೆಸರು ಓದಿದ. ಉಚ್ಚಂಗೆಪ್ಪನ ಮುಖವನ್ನೊಮ್ಮೆ ನೋಡಿದ. "ನಿಮ್ಮ ಮನಿಯಾಕಿಗಾ? ಅಡ್ಡಿಯಿಲ್ಲ ಬಿಡ್ರಿ" ಎಂದು ಕಂಪ್ಯೂಟರಿನತ್ತ ತಿರುಗಿ, "ಓ, ಐತ್ರಿ. ಬಾಳ ಫೇಮಸ್ ಇದು. ಎರಡು ಲಕ್ಷ ಮಂದಿ ಕೇಳ್ಯಾರ" ಎಂದ.

"ಎರಡು ಲಕ್ಷ?"

"ದುಬೈನ್ಯಾಗೂ ಕೇಳ್ತಾರ್ರಿ."

ಉಚ್ಚಂಗೆಪ್ಪನ ಕಣ್ಣಲ್ಲಿ ನೀರು ಬಂತು. ಕುರಿ ಹಿಂದೆ ಬರಿಗಾಲಲ್ಲಿ ನಡೆದ ಮುದುಕಿಯನ್ನು ದುಬೈಯಲ್ಲಿ ಕೇಳುತ್ತಿದ್ದಾರೆ! ಹೇಗೆ ಹೋಯಿತು, ಯಾರು ಒಯ್ದರು ಎಂದು ಅವನು ಕೇಳಲಿಲ್ಲ. ಹೊಗಳಿಕೆ ಬಂದಾಗ ವಿಳಾಸ ವಿಚಾರಿಸುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಉಗುರಿನಷ್ಟು ಕಾರ್ಡನ್ನು ಮೊಬೈಲಿಗೆ ಹಾಕಿಸಿಕೊಂಡು, ಮೊಬೈಲನ್ನು ಜೇಬಿಗಿಳಿಸಿ, ಮನೆಗೆ ಬರುವ ದಾರಿಯಲ್ಲಿ ಹನ್ನೊಂದು ಜನಕ್ಕೆ ಸುದ್ದಿ ಹೇಳಿದ.

ಕಾಟಮ್ಮ ಮಿಷಿನ್ ನಿಲ್ಲಿಸಿ ಕೇಳಿದಳು. "ನಮ್ಮವ್ವನ್ನಾ? ಎರಡು ಲಕ್ಷ ಜನ್ವಾ?"

"ಹೌದು ಮತ್ತ."

"ಒಂದೀಟು ಹಾಕು, ಕೇಳಣ" ಅಂದವಳು ನಾಲಿಗೆ ಕಚ್ಚಿಕೊಂಡಳು. "ಬ್ಯಾಡ ಬ್ಯಾಡ. ಅಮಾಸೆಗೆ ಹಾಕಣ. ಎಡೆ ಇಲ್ದೆ ಕರೀಬಾರ್ದು."

ಹೀಗೆ ಪರೀಕ್ಷೆ ಮಾಡುವ ಒಂದೇ ಒಂದು ಅವಕಾಶವೂ ಭಕ್ತಿಯಿಂದಲೇ ತಪ್ಪಿತು. ಕೃಷ್ಣವೇಣಿ ಬಂದು ಕಾಟಮ್ಮನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಸೋತ ವಾರ್ಡ್ ಮೆಂಬರ್ ಉಚ್ಚಂಗೆಪ್ಪ ಬಂದು, ಮುಂದಿನ ಸಲ ತಾನು ಗೆದ್ದರೆ ಬೀದಿಗೆ ದೊಡ್ಡಕ್ಕನ ಹೆಸರಿಡುವುದಾಗಿ ಮಾತು ಕೊಟ್ಟ.

ಅದೇ ವಾರ ಕಾಟಮ್ಮನ ಅಣ್ಣ ದೊಡ್ಡತಿಮ್ಮಪ್ಪ ಕುರಿ ಮಾರಲು ರಾಯದುರ್ಗಕ್ಕೆ ಬಂದಿದ್ದ. ಗೋಡೆ ಖಾಲಿ ಮಾಡಬೇಕಿತ್ತಲ್ಲ, ಉಚ್ಚಂಗೆಪ್ಪ ಐದು ಗೊಬ್ಬರದ ಚೀಲಕ್ಕೆ ಕ್ಯಾಸೆಟ್ಟು ತುಂಬಿ ಭಾವಮೈದುನನ ಮುಂದಿಟ್ಟ.

"ಇವನ್ನ ತಗಂಡೋಗಿ ಏನ್ ಮಾಡ್ಲಿ ಭಾವ?"

"ಏನಾರ ಮಾಡ್ಕೊ. ಇನ್ನ ಅದರಾಗ ಏನೂ ಇಲ್ಲ. ಎಲ್ಲಾ ಇಲ್ಲಿ ಬಂದೈತಿ" ಎಂದು ಉಚ್ಚಂಗೆಪ್ಪ ಜೇಬು ತಟ್ಟಿದ.

ಕಾಟಮ್ಮ ಇನ್ನೂರ ಹದಿನೇಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಅವ್ವಂದು ಒಂದಾದ್ರೂ ಇಟ್ಕಳಣ."

"ಹುಚ್ಚಿ ಅದೀ ನೀನು. ಎರಡು ಲಕ್ಷ ಮಂದಿ ಹತ್ರ ಇರೋದನ್ನ ಡಬ್ಬಿಯೊಳಗ ಇಟ್ಟು ಏನು ಮಾಡ್ತಿ? ನಂಬರ್ ಒಡೀಬಾರದು. ಕೊಟ್ರ ಎಲ್ಲಾ ಕೊಡಬೇಕು."

ಅವಳು ಒಮ್ಮೆ ಮುಟ್ಟಿ, ಚೀಲಕ್ಕೆ ಹಾಕಿದಳು. ಅವತ್ತಿಂದ ಗೋಡೆಯ ಹತ್ತಿರ ಹೊಸ ಮಿಷಿನ್ನು ಕೂತಿತು. ಮೊದಮೊದಲು ಮಿಷಿನ್ನಿಂದ ಏಳುವಾಗ ಅವಳ ಬೆರಳು ತಾನಾಗಿ ಗೋಡೆಗೆ ಹೋಗಿ ಸುಣ್ಣ ಹಚ್ಚಿಕೊಂಡು ಬರುತ್ತಿತ್ತು. ಉಚ್ಚಂಗೆಪ್ಪನ ಮನೆಗೂ ಈಗ ಯಾರೂ ಬರುತ್ತಿರಲಿಲ್ಲ. ಜೇಬಲ್ಲಿರುವುದನ್ನು ನೋಡಲು ಯಾರು ಬರುತ್ತಾರೆ? ಅವನೇ ಹೋಗಿ ತೋರಿಸಬೇಕು. ತೋರಿಸಿದರೆ, ಅವರೂ ತಮ್ಮ ಜೇಬಿಂದ ತೆಗೆದು ತೋರಿಸುತ್ತಿದ್ದರು.

ಅಮಾವಾಸ್ಯೆಗೆ ಹೊರಟರು. ಮಡಕಶಿರದ ಬಸ್ಸಿನಲ್ಲಿ ಉಚ್ಚಂಗೆಪ್ಪ ಕಂಡಕ್ಟರಿಗೆ ಅತ್ತೆಯ ಕೀರ್ತಿ ಹೇಳಿದ. ಆತ ತೆಲುಗಿನಲ್ಲಿ "ಅದೃಷ್ಟವಂತುಲು" ಎಂದು ಹೊಗಳಿ, ಟಿಕೆಟ್ಟಿಗೆ ಮಾತ್ರ ಪೂರಾ ತೆಗೆದುಕೊಂಡ. ಗುಡಿಬಂಡೆಯ ಆಟೋದವನಿಗೂ ವಿಷಯ ಗೊತ್ತಿತ್ತು. ಊರು ಮುಟ್ಟುವ ಹೊತ್ತಿಗೆ ಎರಡು ಲಕ್ಷ ಎಂಬುದು ಎಂಟು ಲಕ್ಷವಾಗಿತ್ತು.

ಮನೆಯ ಮುಂದೆ ಚಪ್ಪರ ಹಾಕಿದ್ದರು. ಬಂಧುಗಳು ಮೂವತ್ತು ಜನ, ಅಕ್ಕಪಕ್ಕದ ರೈತರು, ಜೊತೆಗೆ ಊರಿನ ಕಂದಾಯದ ಲೆಕ್ಕ ನೋಡುತ್ತಿದ್ದ ನಿವೃತ್ತ ವಿಆರ್‌ಒ ವೆಂಕಟಪ್ಪನವರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕಾಗದ ಕಂಡರೆ ಅವರಿಗೆ ಸಹಿ ಬರುತ್ತಿತ್ತು. ಅವರು ಒಂದು ದರಖಾಸ್ತು ಬರೆದು ತಂದಿದ್ದರು. ಎಡೆಯ ಮುಂದೆ ನಿಂತು ಓದಿದರು:

"ನೆಟ್ ಅಧಿಕಾರಿಗಳವರ ದಿವ್ಯ ಸನ್ನಿಧಾನಕ್ಕೆ. ನಮ್ಮ ಗ್ರಾಮದ ದಿವಂಗತ ದೊಡ್ಡಕ್ಕನವರ ಹಾಡುಗಳನ್ನು ತಾವು ಲೋಕಕ್ಕೆ ಕೇಳಿಸುತ್ತಿರುವುದು ಸರಿಯಷ್ಟೆ. ಆದರೆ ಸದರಿಯವರ ಹೆಸರು, ಗ್ರಾಮ, ಮಂಡಲ ಹಾಗೂ ಮನೆಯ ಸರ್ವೆ ನಂಬರನ್ನು ಹಾಡಿನ ಕೆಳಗೆ ಬರೆಯದಿರುವುದು ವಿಷಾದನೀಯ."

"ಕುರಿ ಹಿಂಡಿನ್ ಇಸ್ಯಾನೂ ಸೇರ್ಸಿ ಸಾಮಿ" ಎಂದ ದೊಡ್ಡತಿಮ್ಮಪ್ಪ. ಸೇರಿಸಿದರು. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಬಾಳೆ ಎಲೆಯ ಮೇಲೆ ಮುದ್ದೆ, ಅವರೆಕಾಳು ಸಾರು, ಹೋಳಿಗೆ, ದೊಡ್ಡಕ್ಕನಿಗೆ ಇಷ್ಟವೆಂದು ಎಲೆ ಅಡಿಕೆ. ಕಾಟಮ್ಮ ದೀಪ ಹಚ್ಚಿ, ಸೆರಗು ಹೊದ್ದು, ಕಣ್ಣು ಮುಚ್ಚಿ ಕೂತಳು. ವರ್ಷದ ದಣಿವೆಲ್ಲ ಅವಳ ಮುಖದಲ್ಲಿತ್ತು. ಉಚ್ಚಂಗೆಪ್ಪ ಮೊಬೈಲಿಗೆ ಬಾಡಿಗೆ ಸ್ಪೀಕರ್ ಸಿಕ್ಕಿಸಿ, ಇನ್ನೂರ ಹದಿನೇಳು ಒತ್ತಿದ.

ಮೊದಲು ಒಂದು ಸೀಟಿ. ಆಮೇಲೆ ಡೋಲು. ಆಮೇಲೆ ಹತ್ತಾರು ಗಂಡಸರು ಹೋ ಎಂದು ಕೂಗಿದರು. ಅದರ ನಡುವಿನಿಂದ ಒಂದು ಹೆಣ್ಣು, ದೀಪ ಯಾಕಿನ್ನೂ ಉರಿಯುತ್ತಿದೆ ಎಂದು ತೆಲುಗಿನಲ್ಲಿ ನರಳುತ್ತಾ ವಿಚಾರಿಸತೊಡಗಿದಳು.

ಚಪ್ಪರದ ಮೇಲೆ ಕಾದಿದ್ದ ಎರಡು ಕಾಗೆ ಹಾರಿಹೋದವು.

"ಇದು ನಮ್ಮವ್ವ ಅಲ್ಲ ಕಣ್ ಭಾವ" ಎಂದ ದೊಡ್ಡತಿಮ್ಮಪ್ಪ.

"ತಾಳಿ, ಆತುರ ಬೇಡ" ಎಂದರು ವೆಂಕಟಪ್ಪನವರು. "ವಯಸ್ಸಿನಲ್ಲಿ ಹಾಡಿದ್ದಿರಬಹುದು. ದಾಖಲೆ ಪರಿಶೀಲಿಸಬೇಕು."

ಮೂಲೆಯಲ್ಲಿ ಕೂತಿದ್ದ, ಕಿವಿ ಸರಿಯಾಗಿ ಕೇಳದ ಮುದುಕಿಯೊಬ್ಬಳು ತಲೆದೂಗಿ, "ದೊಡ್ಡಕ್ಕ ಮೊದ್ಲಿಂದ್ಲೂ ಹಂಗೇಯ. ಏನ್ ಗಂಟ್ಲು!" ಎಂದಳು.

ಉಚ್ಚಂಗೆಪ್ಪ ಮುಂದಿನದು ಒತ್ತಿದ, ಅದರ ಮುಂದಿನದು ಒತ್ತಿದ. ಪ್ರತಿ ಹಾಡಿನಲ್ಲೂ ಆ ಹೆಣ್ಣು ಇನ್ನಷ್ಟು ಅವಸರ ಮಾಡಿದಳು. ಹೊದಿಕೆಯ ಮೇಲೆ ಇದ್ದವಳು ಈಗ ಒಳಗಿಂದ ಬಂದಿದ್ದಳು. ಪಟ್ಟಿಯ ಪ್ರಕಾರ ಮಾಲು ಸರಿಯಾಗಿಯೇ ಬಂದಿತ್ತು. ಅವನಿಗೆ ಅದು ಆಗ ಗೊತ್ತಾಯಿತು. ಎಂಟು ಲಕ್ಷ ಜನರಲ್ಲಿ ಒಬ್ಬನೂ ದೊಡ್ಡಕ್ಕನನ್ನು ಕೇಳಿರಲಿಲ್ಲ. ಅವಳು ಇದ್ದದ್ದು ಒಂದೇ ಒಂದು ಡಬ್ಬಿಯಲ್ಲಿ.

ಕಾಟಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ನಿರಾಳವಾಗುತ್ತಿತ್ತು. ಕಣ್ಣು ತೆರೆದು, "ಅಣ್ಣ, ಆ ಚೀಲ ಎಲ್ಲವೆ?" ಎಂದಳು.

ದೊಡ್ಡತಿಮ್ಮಪ್ಪ ಎರಡೂ ಕೈಯಿಂದ ತಲೆ ಕೆರೆದುಕೊಂಡ. "ಅದ್ರಾಗೇನೂ ಇಲ್ಲ ಅಂದಿದ್ನಲ್ಲಮ್ಮ ಭಾವ..." ಎಂದು ಹೊಲದ ಕಡೆ ಕೈ ತೋರಿಸಿದ.

ಎಲ್ಲರೂ ಎಡೆ ಬಿಟ್ಟು ಹೊಲಕ್ಕೆ ನಡೆದರು. ಸೂರ್ಯಕಾಂತಿ ಕಾಳು ಕಟ್ಟಿ ತಲೆ ಬಗ್ಗಿಸಿತ್ತು. ಗಿಣಿ ಬೀಳುವ ಕಾಲ. ಅವು ಹೆದರಲೆಂದು ಬದುವಿನಿಂದ ಬದುವಿಗೆ ಕೋಲು ನೆಟ್ಟು, ಕೋಲಿನಿಂದ ಕೋಲಿಗೆ ಕ್ಯಾಸೆಟ್ಟಿನ ಕಂದು ಟೇಪು ಬಿಗಿದಿದ್ದರು. ಗಾಳಿ ಬಂದಾಗಲೆಲ್ಲ ಅದು ಮಿಂಚುತ್ತಾ ಗುಂಯ್ ಎನ್ನುತ್ತಿತ್ತು. ದೊಡ್ಡತಿಮ್ಮಪ್ಪ ಒಬ್ಬನೇ ಸುಖಪಡುವವನಲ್ಲ, ಊರಿಗೆಲ್ಲ ಹಂಚಿದ್ದ. ಕಣ್ಣು ಹಾಯುವಷ್ಟು ದೂರ ಉಚ್ಚಂಗೆಪ್ಪನ ಇಪ್ಪತ್ತು ವರ್ಷದ ಸಂಗ್ರಹ ಗುಂಯ್‌ಗುಡುತ್ತಿತ್ತು.

"ಬಿಚ್ರಿ! ಎಲ್ಲಾ ಬಿಚ್ರಿ! ನಾ ಸುತ್ತತೀನಿ!" ಎಂದು ಉಚ್ಚಂಗೆಪ್ಪ ಕಿರುಚಿದ.

ರೈತರು ಅಡ್ಡ ನಿಂತರು. "ಕೊಟ್ಟ ಮ್ಯಾಕೆ ಕೇಳ್ಬಾರ್ದು ಕಣಪ್ಪ. ನಂದು ದೇವ್ರ ಪದದ ಕ್ಯಾಸೆಟ್ಟು, ಒಂದ್ ಗಿಣೀನೂ ಬಂದಿಲ್ಲ" ಎಂದನೊಬ್ಬ. "ನಂದು ಸಿನಿಮಾದ್ದು ಇರ್ಬೇಕು, ಗಿಣಿ ಬಂದು ಕೂತ್ಕಂಡು ಕೇಳ್ತವೆ. ಬದ್ಲಿ ಕೊಡು" ಎಂದ ಇನ್ನೊಬ್ಬ. ವೆಂಕಟಪ್ಪನವರು ನಡುವೆ ಬಂದು, ಟೇಪು ಈಗ ಜಮೀನಿಗೆ ಸೇರಿದ್ದು, ಪಂಚನಾಮೆ ಇಲ್ಲದೆ ಬಿಚ್ಚಲಾಗದು ಎಂದು ತೀರ್ಪು ಕೊಟ್ಟರು. ಉಚ್ಚಂಗೆಪ್ಪ ಒಂದು ಕೋಲಿನಿಂದ ಇನ್ನೊಂದಕ್ಕೆ ಓಡಿ, ಟೇಪನ್ನು ಬೆಳಕಿಗೆ ಹಿಡಿದು ನೋಡಿದ. ಎಲ್ಲವೂ ಒಂದೇ ಕಂದು. ಟೇಪಿನ ಮೇಲೆ ನಂಬರು ಇರಲಿಲ್ಲ.

ಕಾಟಮ್ಮ ಹೊಲಕ್ಕೆ ಇಳಿಯಲೇ ಇಲ್ಲ. ಕುರಿ ಹಟ್ಟಿಯ ಹಿಂದೆ ಖಾಲಿ ಡಬ್ಬಿಗಳ ಗುಡ್ಡೆ ಬಿದ್ದಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ತೆಗೆದು ಬದಿಗಿಡುತ್ತಾ ಹೋದಳು. ಬಿಸಿಲು ಇಳಿಯುವ ಹೊತ್ತಿಗೆ ಒಂದನ್ನು ಎತ್ತಿಕೊಂಡು ಬಂದಳು. ಚೀಟಿಯ ಅಂಕಿ ಅಳಿಸಿಹೋಗಿತ್ತು. ಹದಿನಾಲ್ಕು ವರ್ಷ ದಿನಾ ಬೆರಳು ತಾಗಿ ತಾಗಿ ಅಳಿಸಿದ್ದು ಅವಳೇ.

ಉಚ್ಚಂಗೆಪ್ಪ ಡಬ್ಬಿಯನ್ನು ಕಣ್ಣಿಗೆ ಹತ್ತಿರ ಹಿಡಿದ. ಎಡಗಡೆಯ ಗಾಲಿ ಬರಿದು. ಬಲಗಡೆಯ ಗಾಲಿಗೆ ಮಾತ್ರ, ಎಳೆಯುವಾಗ ತುಂಡಾಗಿ ಉಳಿದ ಟೇಪು ಹತ್ತು ಹನ್ನೆರಡು ಸುತ್ತು ಅಂಟಿಕೊಂಡಿತ್ತು.

"ಮೊದಲಿನದು ಐತಿ" ಎಂದ. "ಶುರುವಿನದು. ಎರಡು ಮೊಳ ಇದ್ದೀತು."

ವೆಂಕಟಪ್ಪನವರ ಮನೆಯಲ್ಲಿ ಹಳೆಯ ಟೇಪ್ ರೆಕಾರ್ಡರ್ ಇತ್ತು. ಪಂಚನಾಮೆ ಕೇಳದೆ ಅವರೇ ಹೊತ್ತು ತಂದರು. ಉಚ್ಚಂಗೆಪ್ಪ ತುಂಡಾದ ತುದಿಯನ್ನು ಖಾಲಿ ಗಾಲಿಗೆ ಅಂಟಿಸಿ, ಪೆನ್ಸಿಲ್ ತೂರಿಸಿ ಹಿಂದಕ್ಕೆ ಸುತ್ತಿದ. ಎಡೆಯ ಮುಂದೆ ಮತ್ತೆ ಎಲ್ಲರೂ ಕೂತರು. ಆರಿದ ದೀಪವನ್ನು ಕಾಟಮ್ಮ ಇನ್ನೊಮ್ಮೆ ಹಚ್ಚಿದಳು.

ಗರಗರ ಎಂದಿತು. ದೂರದಲ್ಲಿ ಒಂದು ಕುರಿ ಕೂಗಿತು. ಯಾರೋ ಕೆಮ್ಮಿದರು. ಆಮೇಲೆ ದೊಡ್ಡಕ್ಕನ ದನಿ, ತೀರ ಹತ್ತಿರದಲ್ಲಿ:

"ಇದ್ರಾಗೆ ಹಾಕಿದ್ದು ಎಲ್ಲೂ ಹೋಗಲ್ವೇನಪ್ಪ?"

ಒಬ್ಬ ಹರೆಯದವನು ನಕ್ಕು ಹೇಳಿದ: "ಎಲ್ಲಿ ಹೋಗ್ತದತ್ತಿ? ನಾ ಇರೋತನಕ ಇರ್ತದ. ಹ್ಞೂಂ, ಶುರು ಮಾಡ್ರಿ."

ಖಟ್ ಎಂದು ನಿಂತಿತು. ಟೇಪು ಅಷ್ಟೇ ಇತ್ತು.

ಉಚ್ಚಂಗೆಪ್ಪ ತಲೆ ಎತ್ತಲಿಲ್ಲ. ಅವನ ನಾನೂರ ಹನ್ನೆರಡರಲ್ಲಿ ಉಳಿದದ್ದು ಅವನದೇ ದನಿ, ಅದೂ ಈ ಮಾತು. ಹೊರಗೆ ಹೊಲದ ಕಡೆಯಿಂದ ಗುಂಯ್ ಎಂಬುದು ಕೇಳುತ್ತಿತ್ತು.

"ಇನ್ನೊಂದ್ಸಲ ಹಾಕು" ಎಂದಳು ಕಾಟಮ್ಮ.

ಹಾಕಿದ. ಕುರಿ ಕೂಗಿತು, ದೊಡ್ಡಕ್ಕ ಕೇಳಿದಳು, ಅವನು ನಕ್ಕು ಹೇಳಿದ, ಖಟ್ ಎಂದಿತು.

"ಇನ್ನೊಂದ್ಸಲ."

ನಾಲ್ಕನೇ ಸಲಕ್ಕೆ ಅವನ ಕೈ ಏಳಲಿಲ್ಲ. "ನನ್ನಿಂದ ಆಗಂಗಿಲ್ಲ ಕಾಟವ್ವಾ" ಎಂದು ಮುಖ ಮುಚ್ಚಿಕೊಂಡು ಅತ್ತ.

ಕಾಟಮ್ಮ ಎಡೆಯ ಮೇಲೆ ಕೂತಿದ್ದ ನೊಣ ಓಡಿಸಿದಳು.

"ಹಾಕು" ಎಂದಳು. "ಅವ್ವ ಕೇಳ್ತಾವ್ಳೆ. ನೀನೇ ಹೇಳು."

ಉಚ್ಚಂಗೆಪ್ಪ ಪೆನ್ಸಿಲ್ ತೂರಿಸಿ, ಎರಡು ಮೊಳ ಟೇಪನ್ನು ಹಿಂದಕ್ಕೆ ಸುತ್ತಿ, ಮತ್ತೆ ಒತ್ತಿದ.